ನ್ಯಾಚುರಲ್ ಅಕ್ಕನ ಅರ್ಧ ತಲೆ

ನಮ್ಮ ಅಂಗಡಿಯ ನೆಲ ಅಂತಸ್ತಿನಲ್ಲಿ ಎರಡು ಕೌಂಟರುಗಳು ಎದುರುಬದುರಾಗಿವೆ. ಒಂದು ನನ್ನದು: ಬಕೆಟ್ಟು, ಮಗ್ಗು, ಮುಚ್ಚಳ ಸರಿಯಾಗಿ ಕೂರದ ಡಬ್ಬಗಳು. ಇನ್ನೊಂದು ಅವಳದ್ದು. ಅಲ್ಲಿ ತಲೆಗೂದಲಿಗೆ ಸಂಬಂಧಪಟ್ಟದ್ದೆಲ್ಲ ಇದೆ. ಶಾಂಪೂ, ಎಣ್ಣೆ, ಬಣ್ಣ, ಗುಂಗುರು ಕೂದಲನ್ನು ನೆಟ್ಟಗೆ ಮಾಡುವ ಕ್ರೀಮು, ನೆಟ್ಟಗಿರುವುದನ್ನು ಗುಂಗುರು ಮಾಡುವ ಇನ್ನೊಂದು ಕ್ರೀಮು. ಹುಟ್ಟುತ್ತ ಬಂದ ಕೂದಲು ಯಾರಿಗೂ ಹಿಡಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಅವಳ ಕೌಂಟರು ನಡೆಯುತ್ತದೆ. ಬಕೆಟ್ಟು ಸೋರಬಾರದು ಎಂಬ ನಂಬಿಕೆಯ ಮೇಲೆ ನನ್ನದು. ಹಾಗಾಗಿ ಅವಳಿಗೆ ಕನ್ನಡಿ, ಬಣ್ಣದ ದೀಪ, ತಿರುಗುವ ಕುರ್ಚಿ. ನನಗೆ ಒಂದು ಟ್ಯೂಬ್‌ಲೈಟು, ಅದೂ ಮಿಣುಕುತ್ತದೆ.

ಅವಳಿಗೆ ನ್ಯಾಚುರಲ್ ಅಕ್ಕ ಎಂದು ಹೆಸರಿಟ್ಟವಳು ನಾನೇ. ಯಾವ ಬಾಟಲಿ ಕೈಗೆತ್ತಿಕೊಂಡರೂ ಅವಳ ಮೊದಲ ಮಾತು "ಪೂರ್ತಿ ನ್ಯಾಚುರಲ್." ಕಡುನೀಲಿ ಬಣ್ಣದ ಶಾಂಪೂ ಕೂಡ ನ್ಯಾಚುರಲ್ಲೇ. ಈ ನೀಲಿ ಯಾವ ಗಿಡದಲ್ಲಿ ಬಿಡುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ಮೇಲಿನ ಅಂತಸ್ತಿನ ಬಟ್ಟೆ ವಿಭಾಗದವರಿಂದ ಹಿಡಿದು ಬಾಗಿಲ ಕಾವಲಿನವನ ತನಕ ಎಲ್ಲರಿಗೂ ಅವಳು ಅಕ್ಕ. ಮಾತು ಅರಳು ಹುರಿದ ಹಾಗೆ. ಬೋಳುತಲೆಯ ಒಬ್ಬರಿಗೆ ಬಾಚಣಿಗೆ ಮಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಅದನ್ನು ಹೆಂಡತಿಗೆ ಒಯ್ದರು ಎಂದು ಅವಳು ವಾದಿಸುತ್ತಾಳೆ. ಕನ್ನಡಿಯ ಮುಂದೆ ನಿಂತು ಮೊದಲು ತಮ್ಮ ತಲೆಗೇ ಹಿಡಿದು ನೋಡಿದ್ದನ್ನು ನಾನು ಮರೆತಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಕೂದಲಿನ ಸರಕು ಮಾರುವವಳು ಅದನ್ನು ತನ್ನ ತಲೆಯ ಮೇಲೇ ತೋರಿಸಬೇಕು, ಅದೂ ಅರ್ಧ ತಲೆಗೆ ಮಾತ್ರ. ವಾರದ ಕೊನೆಯಲ್ಲಿ ಜನ ತುಂಬಿದಾಗ ಅವಳು ತಿರುಗುವ ಕುರ್ಚಿಯಲ್ಲಿ ಕೂತು ಎಡಗಡೆಯ ಕೂದಲಿಗೆ ನೆಟ್ಟಗಾಗುವ ಕ್ರೀಮು ಸವರಿಕೊಂಡು, ಕಾದ ಇಕ್ಕಳದಲ್ಲಿ ಎಳೆ ಎಳೆಯಾಗಿ ಎಳೆಯುತ್ತಿದ್ದಳು. ಬಲಗಡೆ ಹುಟ್ಟುಗುಂಗುರು ಹಾಗೇ ಇರುತ್ತಿತ್ತು. ಆಮೇಲೆ ಕುರ್ಚಿಯನ್ನು ನಿಧಾನವಾಗಿ ತಿರುಗಿಸುತ್ತ "ಮುಂಚೆ ಹೀಗೆ, ಈಗ ಹೀಗೆ" ಎನ್ನುತ್ತಿದ್ದಳು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಉಳಿದ ದಿನವೆಲ್ಲ ಅವಳು ಅದೇ ತಲೆಯಲ್ಲಿ ಬಸ್ಸು ಹತ್ತಬೇಕಿತ್ತು, ತರಕಾರಿ ಕೊಳ್ಳಬೇಕಿತ್ತು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಅವನು ಆಡಿದ ಒಂದೇ ಒಂದು ತಮಾಷೆಯನ್ನು ಅವಳು ಇಡೀ ಅಂಗಡಿಗೆ ಹಂಚಿದ್ದಳು: ಎಡಗಡೆ ಕೂತರೆ ಒಬ್ಬಳು ಹೆಂಡತಿ, ಬಲಗಡೆ ಕೂತರೆ ಇನ್ನೊಬ್ಬಳು.

ಆ ಇಕ್ಕಳ ಕ್ರೀಮಿಗೆ ತಾಗಿದಾಗ ಏಳುವ ಹೊಗೆ ಸಾಮಾನ್ಯದ್ದಲ್ಲ. ಎದುರಿನ ಕೌಂಟರಿನಲ್ಲಿ ನಿಂತ ನನ್ನ ಕಣ್ಣಲ್ಲೇ ಧಾರಾಕಾರ ನೀರು. ಬಕೆಟ್ಟು ಮಾರುವವಳಿಗೆ ಇಷ್ಟೊಂದು ದುಃಖ ಏನಿರಬಹುದು ಎಂದು ಗಿರಾಕಿಗಳು ಮರುಕದಿಂದ ನೋಡುತ್ತಿದ್ದರು. ಒಬ್ಬಾಕೆ ಪಾಪ ಎಂದು ಬೇಡದ ಒಂದು ಜರಡಿ ಕೊಂಡು ಹೋದಳು. ನ್ಯಾಚುರಲ್ ಅಕ್ಕನಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. "ಅಭ್ಯಾಸ ಆದ್ರೆ ಗೊತ್ತಾಗಲ್ಲ" ಎನ್ನುತ್ತಿದ್ದಳು.

ಇನ್ನು ಅವಳ ತಂಗಿಯ ವಿಷಯ. ಬಸುರಿ ಹೆಂಗಸರು ಕೌಂಟರಿಗೆ ಬಂದು "ಈ ಟೈಮಲ್ಲಿ ಇದನ್ನ ಹಚ್ಚಬಹುದಾ" ಎಂದು ಅನುಮಾನದಿಂದ ಕೇಳಿದರೆ ಅವಳು ದನಿ ತಗ್ಗಿಸಿ, ಕೌಂಟರಿನ ಮೇಲೆ ಬಾಗಿ, ಮನೆಯವರಿಗೆ ಹೇಳುವಂತೆ ಹೇಳುತ್ತಿದ್ದಳು: "ನನ್ನ ತಂಗಿ ಬಸುರಿ ಇದ್ದಾಗ ಒಂಬತ್ತು ತಿಂಗಳೂ ಇದನ್ನೇ ಹಚ್ಚಿದ್ಲು. ಮಗು ಬಂಗಾರದ ಹಾಗಿದೆ." ಬಂದವಳ ಮುಖ ಅರಳುತ್ತಿತ್ತು. ಬಾಟಲಿ ಚೀಲಕ್ಕೆ ಇಳಿಯುತ್ತಿತ್ತು. ತಂಗಿ ಮೊದಲು ಬಣ್ಣ ಹಚ್ಚಿ ಒಂದು ಹೆತ್ತಳು. ಹೊಸ ಶಾಂಪೂ ಬಂದಾಗ ಇನ್ನೊಂದು. ನೆಟ್ಟಗಾಗುವ ಕ್ರೀಮು ಬಂದಾಗ ಅವಳಿಜವಳಿ. ಕಂಪನಿಯವರು ಹೊಸ ಸರಕು ತಂದಾಗಲೆಲ್ಲ ಆ ತಂಗಿ ಮತ್ತೆ ಬಸುರಾಗುತ್ತಿದ್ದಳು. ಅವಳಿಗೆ ಸ್ವಲ್ಪ ಬಿಡುವು ಕೊಡು ಎಂದು ನಾನೇ ಬೇಡಿಕೊಂಡಿದ್ದೆ.

ಅವಳಿಗೆ ತಂಗಿಯೇ ಇಲ್ಲ. ಅಪ್ಪ ಅಮ್ಮನಿಗೆ ಇವಳೊಬ್ಬಳೇ ಮಗಳು.

ನಾನು ನಕ್ಕೇ ನಗುತ್ತಿದ್ದೆ. ಆದರೆ ತಂಗಿ ಯಾವಾಗ ಹುಟ್ಟಿದಳೆಂದು ನನಗೆ ಗೊತ್ತಿದ್ದುದರಿಂದ ಆ ನಗು ಬಾಯಿಯಿಂದ ಕೆಳಕ್ಕೆ ಇಳಿಯುತ್ತಿರಲಿಲ್ಲ. ಮದುವೆಯಾದ ಎರಡನೇ ವರ್ಷ ನ್ಯಾಚುರಲ್ ಅಕ್ಕ ಬಸುರಾದಳು. ಮೂರು ತಿಂಗಳು ತುಂಬುವ ಮುಂಚೆ ಹೋಯಿತು. ರಜೆ ಮುಗಿಸಿ ಕೆಲಸಕ್ಕೆ ಬಂದ ದಿನವೇ ಯಾರೋ ತುಂಬು ಬಸುರಿ ಬಂದು ಬಣ್ಣದ ಬಗ್ಗೆ ಕೇಳಿದಳು. ಇವಳ ಬಾಯಿಂದ ತಂಗಿಯ ಮಾತು ತಾನಾಗಿ ಹೊರಟಿತು. ನಾನು ಎದುರು ನಿಂತು ಕೇಳಿಸಿಕೊಂಡೆ. ಕೆಲವು ವರ್ಷಗಳ ಮೇಲೆ ಇನ್ನೊಂದು ನಿಂತಿತು. ಅದೂ ಹೋಯಿತು. ಈ ಸಲ ಅಂಗಡಿಯಲ್ಲೇ ನೋವು ಕಾಣಿಸಿಕೊಂಡು, ನನ್ನ ಕೌಂಟರಿನ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು. ಆಟೋದಲ್ಲಿ ಮನೆಗೆ ಬಿಟ್ಟವಳು ನಾನು. ಇಲ್ಲದ ತಂಗಿಗೆ ಮಕ್ಕಳ ಮೇಲೆ ಮಕ್ಕಳು, ಇರುವ ಇವಳ ಮಡಿಲು ಖಾಲಿ.

ಆಮೇಲೆ ಬಹಳ ವರ್ಷ ಏನೂ ಇಲ್ಲ. ಎಲ್ಲರೂ ಆಸೆ ಬಿಟ್ಟ ಮೇಲೆ, ಅವಳೂ ಬಿಟ್ಟ ಮೇಲೆ, ಒಂದು ದಿನ ಅವಳು ಇಕ್ಕಳ ಕಾಯಿಸಲು ಹೊರಟವಳು ವಾಸನೆಗೆ ಮೂಗು ಮುಚ್ಚಿಕೊಂಡು ಹಿಂದಿನ ಬಾಗಿಲಿಗೆ ಓಡಿದಳು. ಹತ್ತು ವರ್ಷದ ಅಭ್ಯಾಸ ಒಂದೇ ಬೆಳಗ್ಗೆಗೆ ಹೋಗಿತ್ತು. ನನಗೆ ಅರ್ಥವಾಯಿತು. ಮಧ್ಯಾಹ್ನ ಊಟದ ಕೋಣೆಯಲ್ಲಿ ಅವಳ ತಟ್ಟೆಯನ್ನು ನಾನೇ ತೊಳೆದಿಟ್ಟೆ. ಅಷ್ಟರಲ್ಲೇ ಇಬ್ಬರಿಗೂ ವಿಷಯ ತಿಳಿದಂತಾಯಿತು.

ಅವಳ ಮನೆಯಲ್ಲಿ ಮಾತ್ರ ಎಲ್ಲರೂ ಒಂದೇ ಸಲಕ್ಕೆ ಪಂಡಿತರಾದರು. ಅತ್ತೆಗೆ ಎಪ್ಪತ್ತರ ಹತ್ತಿರ, ತಲೆ ಮಾತ್ರ ಇದ್ದಿಲಿನಷ್ಟು ಕಪ್ಪು, ಅದೂ ಸೊಸೆ ತಂದುಕೊಟ್ಟ ಬಣ್ಣದ ಕೃಪೆ. ಆಕೆ ಶಾಂಪೂ ಬೇಡ, ಎಣ್ಣೆ ಬೇಡ, ಕೂದಲು ಒದ್ದೆ ಮಾಡುವುದೇ ಬೇಡ ಎಂದು ಆಜ್ಞೆ ಹೊರಡಿಸಿದರು. ಹಾಗೆಂದ ವಾರವೇ ತಮ್ಮ ಬಣ್ಣ ಮುಗಿದಿದೆ, ಬರುವಾಗ ಒಂದು ತಾ ಎಂದು ಅದೇ ಸೊಸೆಗೆ ಹೇಳಿಕಳಿಸಿದರು. ಗಂಡ ಎಲ್ಲಿಂದಲೋ ಒಂದು ಪುಡಿ ತಂದ. ಯಾರೋ ಒಬ್ಬರ ಲಿಫ್ಟು ಸರಿ ಮಾಡಿದ್ದಕ್ಕೆ ಅವರು ಪ್ರೀತಿಯಿಂದ ಕೊಟ್ಟದ್ದಂತೆ. ಪ್ಲಾಸ್ಟಿಕ್ ಕವರು, ಬಾಯಿಗೆ ದಾರ. ಮೇಲೆ ಒಂದಕ್ಷರ ಬರೆದಿಲ್ಲ. ಇದರಲ್ಲಿ ಕೆಮಿಕಲ್ ಇಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ ಎಂದು ಅವನ ವಾದ. ಬರೆಯುವುದಕ್ಕೆ ಏನೂ ಇಲ್ಲದ್ದರಿಂದ ಬರೆದಿಲ್ಲವಂತೆ.

ಇವಳ ಕಷ್ಟವೇ ಬೇರೆ. ಅವಳ ತಾಯಿಯ ಕಡೆಯವರಿಗೆಲ್ಲ ಬಹಳ ಬೇಗ ನರೆಯುತ್ತದೆ. ಇವಳೂ ಮದುವೆಗೆ ಮುಂಚಿನಿಂದ ತಿಂಗಳು ತಿಂಗಳಿಗೆ ಬಣ್ಣ ಹಚ್ಚುತ್ತಲೇ ಬಂದವಳು. ಬಣ್ಣ ನಿಲ್ಲಿಸಿದರೆ ಬಿಳಿ ಕಾಣುತ್ತದೆ. ಬಿಳಿ ತಲೆಯವಳನ್ನು ಕೂದಲ ಕೌಂಟರಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಕ್ರೀಮು ನಿಲ್ಲಿಸಿದರೆ ವಾರದ ಪ್ರದರ್ಶನ ನಿಲ್ಲುತ್ತದೆ. ಮುಂದುವರಿಸಿದರೆ ಮಗುವಿನ ಗತಿ? ಬಿಟ್ಟುಬಿಡು, ಕೌಂಟರ್ ಹೋದರೆ ಹೋಗಲಿ, ನನ್ನ ಬಕೆಟ್ಟಿನ ಹತ್ತಿರ ಬಾ ಎಂದು ನಾನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿಬಿಟ್ಟೆ. ಅವಳು ಅಷ್ಟು ಸುಲಭವಲ್ಲ ಎಂದಳು. ಯಾಕೆ ಸುಲಭವಲ್ಲ ಎಂದು ನನಗೆ ಆಗ ತಿಳಿಯಲಿಲ್ಲ, ಸಿಟ್ಟು ಮಾತ್ರ ಬಂತು.

ಕೊನೆಗೆ ಅವಳು ಮಾಡಿದ ಕೆಲಸ ಕೇಳಿದರೆ ಯಾರಾದರೂ ಹಣೆ ಚಚ್ಚಿಕೊಳ್ಳಬೇಕು. ನಾಲ್ಕು ಬೀದಿ ಆಚೆಗಿನ ಬೇರೊಂದು ಅಂಗಡಿಗೆ ಗಿರಾಕಿಯಾಗಿ ಹೋದಳು. ತನ್ನ ಕೌಂಟರಿನಲ್ಲಿ ತಾನೇ ತನ್ನನ್ನು ಕೇಳಿಕೊಳ್ಳುವುದು ಹೇಗೆ? ಅದಕ್ಕೇ ಅಲ್ಲಿ ಹೋಗಿ, ಅಲ್ಲಿಯ ಕೂದಲ ಕೌಂಟರಿನ ಹುಡುಗಿಯನ್ನು, ಬಸುರಿ ಈ ಬಣ್ಣ ಹಚ್ಚಬಹುದಾ ಎಂದು ಕೇಳಿದಳು. ಅದು ಇವಳೇ ದಿನವೂ ಮಾರುವ ಬಣ್ಣ. ಆ ಹುಡುಗಿ ದನಿ ತಗ್ಗಿಸಿ, ಕೌಂಟರಿನ ಮೇಲೆ ಬಾಗಿ, ತನ್ನ ಅಕ್ಕ ಒಂಬತ್ತು ತಿಂಗಳೂ ಇದನ್ನೇ ಹಚ್ಚಿದ್ದಳು, ಮಗು ಬಂಗಾರದ ಹಾಗಿದೆ ಎಂದಳು.

ಇಬ್ಬರೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಕಂಪನಿಯ ಸೇಲ್ಸ್‌ಮನ್ ನಮ್ಮಲ್ಲಿ ಕೇಳಿದ್ದನ್ನು ಅಂಗಡಿಯಿಂದ ಅಂಗಡಿಗೆ ಹೊತ್ತುಕೊಂಡು ಹೋಗಿದ್ದ. ದಾರಿಯಲ್ಲಿ ತಂಗಿ ಅಕ್ಕನಾಗಿದ್ದಳು, ಅಷ್ಟೇ ವ್ಯತ್ಯಾಸ. ಈಗ ನೀವೇ ಹೇಳಿ, ಈ ಸುಳ್ಳನ್ನು ಹೆತ್ತವಳಿಗೆ ಅದರ ಗುರುತು ಸಿಗಬೇಕೋ ಬೇಡವೋ? ನ್ಯಾಚುರಲ್ ಅಕ್ಕನಿಗೆ ಎದೆ ಹಗುರಾಯಿತಂತೆ. ಅಲ್ಲೂ ಒಬ್ಬಳು ಹಚ್ಚಿದ್ದಾಳಲ್ಲ, ಅವಳಿಗೂ ಏನೂ ಆಗಲಿಲ್ಲವಲ್ಲ ಎಂದುಕೊಂಡು ಬಾಟಲಿ ಕೊಂಡು ತಂದಳು. ಹೀಗೆ ಮೋಸ ಹೋಗುವುದು ಮಾರುವವರಿಗೆ ಮಾತ್ರ ಸಾಧ್ಯ. ಕೊಳ್ಳುವವರಾದರೂ ಅರ್ಧ ನಂಬುತ್ತಾರೆ.

ಮಾರನೇ ದಿನ ಊಟದ ಕೋಣೆಯಲ್ಲಿ ಆ ಬಾಟಲಿಯನ್ನು ನನ್ನ ಮುಂದಿಟ್ಟಳು. ಮುಖದಲ್ಲಿ ಬಣ್ಣವೇ ಇರಲಿಲ್ಲ. ನಾನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ, ಕೆಳಗಿನ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಗರ್ಭಿಣಿಯರು ಬಳಸುವ ಮುನ್ನ ವೈದ್ಯರನ್ನು ಕೇಳಬೇಕು.

ಅದರಲ್ಲಿ ಆಶ್ಚರ್ಯವೇನು ಎಂದು ನಾನು ಕೇಳಿದೆ. ನಿನ್ನದೇ ಸರಕು, ಇಷ್ಟು ವರ್ಷ ಮಾರಿದ್ದೀಯ. ಅವಳು ನನ್ನ ಕೈ ಹಿಡಿದು ಗೋಡೌನಿಗೆ ಎಳೆದುಕೊಂಡು ಹೋದಳು. ರಟ್ಟಿನ ಪೆಟ್ಟಿಗೆಯಿಂದ ನಮ್ಮ ಅಂಗಡಿಯ ಬಾಟಲಿ ತೆಗೆದಳು. ಅದೇ ಬಾಟಲಿ, ಅದೇ ಮೂಲೆ. ಆದರೆ ಅಕ್ಷರ ಕಾಣುತ್ತಿರಲಿಲ್ಲ. ಅಲ್ಲಿ ನಮ್ಮ ಬೆಲೆಚೀಟಿ ಕೂತಿತ್ತು.

ನಮ್ಮಲ್ಲಿ ಬಾಟಲಿಗಳ ಮುಖ ಯಾವಾಗಲೂ ಗಿರಾಕಿಯ ಕಡೆಗಿರಬೇಕು. ದಿನಾ ಬೆಳಗ್ಗೆ ಬಂದು ಒಂದೊಂದನ್ನೂ ಮುಂದಕ್ಕೆ ತಿರುಗಿಸಿ ನಿಲ್ಲಿಸುವುದೇ ಮೊದಲ ಕೆಲಸ. ಬೆನ್ನು ಗೋಡೆಗೆ. ಬೆಲೆಚೀಟಿ ಮುಂದೆ ಅಂಟಿಸಿದರೆ ಅಂದ ಕೆಡುತ್ತದೆ ಎಂದು ಹಿಂಬದಿಯ ಕೆಳಮೂಲೆಯಲ್ಲಿ ಅಂಟಿಸುವುದು ರೂಢಿ. ಅಂಟಿಸುವವಳು ಇವಳೇ. ಎಷ್ಟು ನೀಟಾಗಿ, ಎಷ್ಟು ಒಂದೇ ಜಾಗಕ್ಕೆ ಅಂಟಿಸುತ್ತಾಳೆಂದರೆ ಹೊಸದಾಗಿ ಸೇರಿದವರಿಗೆ ಮ್ಯಾನೇಜರ್ ಇವಳ ಸಾಲನ್ನೇ ತೋರಿಸುತ್ತಾರೆ. ಆಚೆ ಅಂಗಡಿಯವರು ಸೋಮಾರಿಗಳು, ಮುಚ್ಚಳದ ಮೇಲೆ ಎಲ್ಲೋ ವಕ್ರವಾಗಿ ಮೆತ್ತಿದ್ದರು. ಅವರ ಸೋಮಾರಿತನದಿಂದ ಇವಳಿಗೆ ಓದಲು ಸಿಕ್ಕಿತು. ಅವಳು ಉಗುರಿನಿಂದ ನಮ್ಮ ಚೀಟಿಯನ್ನು ಕೆರೆದು ಕಿತ್ತಳು. ಕೆಳಗೆ ಅದೇ ಸಾಲು. ಕ್ರೀಮಿನ ಡಬ್ಬಿಯ ಚೀಟಿ ಕಿತ್ತಳು. ಅಲ್ಲಿ ಇನ್ನೂ ದಪ್ಪ ಅಕ್ಷರದಲ್ಲಿ, ಗರ್ಭಿಣಿಯರು ಬಳಸಬಾರದು, ಗಾಳಿಯಾಡದ ಕೋಣೆಯಲ್ಲಿ ಯಾರೂ ಬಳಸಬಾರದು ಎಂದಿತ್ತು.

ಸರಿ, ಈಗಲಾದರೂ ಗೊತ್ತಾಯಿತಲ್ಲ, ಬಿಟ್ಟುಬಿಡು ಎಂದೆ. ನನಗೆ ಅದು ಅಷ್ಟೇ ಸರಳವಾಗಿ ಕಂಡಿತು.

ಅವಳು ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು. ತುಂಬ ಹೊತ್ತು ಚೀಟಿಯ ಅಂಟನ್ನು ಬೆರಳಲ್ಲಿ ಉಂಡೆ ಕಟ್ಟುತ್ತಿದ್ದಳು. "ಈಗ ಬಿಟ್ರೆ, ಆವತ್ತು ಆ ಎರಡನ್ನೂ ನಾನೇ ಕಳ್ಕೊಂಡೆ ಅಂತ ಒಪ್ಪಿಕೊಂಡ ಹಾಗೆ ಅಲ್ವಾ?" ಎಂದಳು.

ಅವಳು ಕೆಲಸಕ್ಕೆ ಹೆದರುತ್ತಿದ್ದಾಳೆ, ಬಿಳಿ ಕೂದಲಿಗೆ ನಾಚುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಇದು ಏನೂ ಮಾಡುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಮೊದಲು ಹೇಳಿಕೊಂಡದ್ದು ತನಗೇ. ಏನೂ ಮಾಡುವುದಿಲ್ಲ ಎಂದಿದ್ದರೆ ಮಾತ್ರ ಅವಳಿಗೆ ರಾತ್ರಿ ನಿದ್ದೆ. ನನಗೆ ಅಳು ಬಂತು. ಹೊಗೆಯೇ ಇರಲಿಲ್ಲ, ಆದರೂ ಬಂತು.

ಡಾಕ್ಟರ ಹತ್ತಿರ ಹೋಗುವ ದಿನ ಗಂಡ ಬರಬೇಕಿತ್ತು. ಯಾರೋ ಲಿಫ್ಟಿನಲ್ಲಿ ಸಿಕ್ಕಿಬಿದ್ದರು ಎಂದು ಅವನು ಅತ್ತ ಓಡಿದ, ನಾನು ಇತ್ತ ಜೊತೆಗೆ ಹೋದೆ. ಅವಳು ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಜೋಡಿಸಿದಳು. ಎಲ್ಲದರ ಮುಖ ಡಾಕ್ಟರ ಕಡೆಗೆ, ಕೈಗೆ ಅಂಟಿದ ಅಭ್ಯಾಸ. ಡಾಕ್ಟರು ವಯಸ್ಸಾದ ಹೆಂಗಸು, ಮಾತಿನಲ್ಲಿ ಸಕ್ಕರೆ ಬೆರೆಸುವವರಲ್ಲ. ಎಲ್ಲವನ್ನೂ ತಿರುಗಿಸಿ ಬೆನ್ನು ಓದಿದರು. ಕ್ರೀಮನ್ನು ಪಕ್ಕಕ್ಕೆ ತಳ್ಳಿ, ಇದು ಬೇಡ, ಇದರ ಹೊಗೆ ಕುಡಿಯುವ ಕೆಲಸವೂ ಬೇಡ ಎಂದರು. ಬಣ್ಣದ ಬಗ್ಗೆ ಅಷ್ಟು ಹೆದರಬೇಕಿಲ್ಲ, ತಲೆಯ ಚರ್ಮದಿಂದ ಒಳಗೆ ಹೋಗುವುದು ಬಹಳ ಕಡಿಮೆ, ಆದರೂ ಮೊದಲ ಮೂರು ತಿಂಗಳು ಕಳೆಯಲಿ, ಆಮೇಲೆ ಬೇಕೇ ಬೇಕಾದರೆ ಕಿಟಕಿ ತೆಗೆದು, ಕೈಗವಸು ಹಾಕಿ, ಹೆಚ್ಚು ಹೊತ್ತು ಬಿಡದೆ ತೊಳೆದುಕೊಳ್ಳಬಹುದು ಎಂದರು. ಸಾದಾ ಶಾಂಪೂ, ಸಾದಾ ಎಣ್ಣೆಗೆ ಅಡ್ಡಿಯಿಲ್ಲ. ಕೂದಲು ಉದುರದಂತೆ ಹಚ್ಚುವ ಔಷಧಿ ಯಾವುದನ್ನೂ ಕೇಳದೆ ಮುಟ್ಟಬಾರದು. ಗಂಡನ ಪುಡಿಯ ಕವರನ್ನು ಎತ್ತಿ ಹಿಡಿದು, ಹೆಸರು ಗೊತ್ತಿರುವುದಕ್ಕಿಂತ ಇದಕ್ಕೇ ತಮಗೆ ಹೆಚ್ಚು ಭಯ, ಒಳಗೇನಿದೆ ಎಂದು ಯಾರಿಗೆ ಗೊತ್ತು ಎಂದರು. ಕವರು ನೇರವಾಗಿ ಕಸದ ಬುಟ್ಟಿಗೆ ಹೋಯಿತು. ಮನೆಯಲ್ಲಿ ಎಲ್ಲಕ್ಕಿಂತ ಪವಿತ್ರವಾಗಿದ್ದ ವಸ್ತು ಅದು.

ಎಲ್ಲ ಮುಗಿದು ಏಳಬೇಕು, ಇವಳು ಏಳಲಿಲ್ಲ. ಮುಂಚಿನ ಎರಡರ ವಿಷಯ ಕೇಳಿದಳು. ಡಾಕ್ಟರು ಎರಡು ಸಲ ಏನು ಎನ್ನಬೇಕಾಯಿತು.

"ಮೊದಲ ತಿಂಗಳುಗಳಲ್ಲಿ ಹೋಗೋದು ಬಹುಪಾಲು ಯಾರ ತಪ್ಪಿನಿಂದಲೂ ಅಲ್ಲ" ಎಂದರು ಡಾಕ್ಟರು. "ನಿಮ್ಮಿಂದಲೇ ಹೋಯ್ತು ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಅಲ್ಲವೇ ಅಲ್ಲ ಅಂತ ಆಣೆ ಇಡೋಕೂ ನನಗೆ ಬರಲ್ಲ. ಅದು ಗೊತ್ತಾಗದೇನೇ ಇದನ್ನ ಕಾಪಾಡಿಕೊಳ್ಳಬಹುದು."

ಹೊರಗೆ ಬಂದ ಮೇಲೆ ನನಗೆ ಡಾಕ್ಟರ ಮೇಲೆ ಕೆಟ್ಟ ಕೋಪ. ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನಿಮ್ಮಿಂದ ಅಲ್ಲವೇ ಅಲ್ಲಮ್ಮ ಎಂದಿದ್ದರೆ ಇವಳು ಒಂದು ರಾತ್ರಿಯಾದರೂ ಮಲಗುತ್ತಿದ್ದಳು. ಹೀಗೆಂದು ನಾನು ಬಸ್ ಸ್ಟಾಪಿನ ತನಕ ಗೊಣಗಿದೆ. ಅವಳು ಗೊಣಗಲಿಲ್ಲ. ಅಂಥ ಮಾತನ್ನು ದಿನಾ ಮಾರುತ್ತಿದ್ದವಳು ಅವಳೇ ಅಲ್ಲವೇ, ಅದರ ಬೆಲೆ ಅವಳಿಗೆ ಗೊತ್ತಿತ್ತು.

ಮರುದಿನವೇ ಮ್ಯಾನೇಜರರ ಮುಂದೆ ನಿಂತು, ಇನ್ನು ಮೇಲೆ ತನ್ನ ತಲೆಯ ಮೇಲೆ ಏನನ್ನೂ ತೋರಿಸುವುದಿಲ್ಲ, ಇಕ್ಕಳದ ಹತ್ತಿರವೂ ಬರುವುದಿಲ್ಲ ಎಂದಳು. ಬೆಲೆಚೀಟಿಯನ್ನು ಮುಚ್ಚಳಕ್ಕೆ ಅಂಟಿಸುತ್ತೇನೆ ಎಂದೂ ಸೇರಿಸಿದಳು. ಮ್ಯಾನೇಜರಿಗೆ ಮೊದಲಿನದಕ್ಕಿಂತ ಎರಡನೆಯದೇ ದೊಡ್ಡ ಅಪರಾಧವಾಗಿ ಕಂಡಿತು. ಸಾಲಿನ ಅಂದ ಹೋಗುತ್ತದಂತೆ. ಬಸುರಿಯನ್ನು ಕೆಲಸದಿಂದ ತೆಗೆದರೆ ಮೇಲಿನವರು ಏನೆನ್ನುತ್ತಾರೋ ಎಂಬ ಅಂಜಿಕೆಯಿಂದ ಆ ಮನುಷ್ಯ ಹಲ್ಲು ಕಚ್ಚಿಕೊಂಡು ಒಪ್ಪಿದ. ಪ್ರದರ್ಶನಕ್ಕೆ ಒಂದು ಪ್ಲಾಸ್ಟಿಕ್ ತಲೆ ತರಿಸಿದ. ನಾಲ್ಕು ಬಾಗಿಲೂ ತೆಗೆದು, ನ್ಯಾಚುರಲ್ ಅಕ್ಕನನ್ನು ಮೇಲಿನ ಅಂತಸ್ತಿಗೆ ಕಳಿಸಿ, ತಾನೇ ಇಕ್ಕಳ ಹಿಡಿದ. ನೈಲಾನ್ ಕೂದಲು ಇಕ್ಕಳಕ್ಕೆ ಕರಗಿ ಪಾಯಸದ ಹಾಗೆ ಇಳಿಯಿತು. ಕ್ರೀಮಿನ ಮಾರಾಟ ಆ ವಾರ ಕುಸಿದದ್ದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಮುಂದಿನ ವಾರಕ್ಕೆ ನಿಮ್ಮ ತಲೆ ಕೊಡಿ ಎಂದು ನನ್ನನ್ನು ಕೇಳಿದ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾಗದು.

ತಿಂಗಳು ಕಳೆದಂತೆ ಅವಳ ಬೈತಲೆಯ ಎರಡೂ ಕಡೆ ಬಿಳಿ ಇಳಿಯುತ್ತ ಬಂತು. ಮೂರು ತಿಂಗಳು ದಾಟಿತು. ಬಣ್ಣ ಹಚ್ಚಬಹುದಿತ್ತು, ಡಾಕ್ಟರು ಬೇಡ ಎಂದಿರಲಿಲ್ಲ. ಅವಳು ಹಚ್ಚಲಿಲ್ಲ. ಭಯಕ್ಕೋ ಎಂದು ಕೇಳಿದರೆ, ಭಯ ಏನಿಲ್ಲ, ಸಾಕಾಗಿದೆ ಎಂದಳು. ಇದನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವರು ಅತ್ತೆ. ತಲೆಗೆ ನೀರನ್ನೂ ಮುಟ್ಟಿಸಬೇಡ ಎಂದಿದ್ದ ಆಕೆ ಈಗ ಒಂಚೂರು ಬಣ್ಣ ಹಚ್ಚಿಕೊಂಡರೆ ಮಗುವಿಗೇನಾಗುತ್ತದೆ ಎಂದು ದಿನಾ ಕಿವಿ ಕಚ್ಚತೊಡಗಿದರು. ಇಬ್ಬರೂ ಒಟ್ಟಿಗೆ ಹೊರಗೆ ಹೋದಾಗ ಯಾರೋ ಸೊಸೆಗೆ ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟು, ಅತ್ತೆಯ ಕಡೆ ತಿರುಗಿ, "ಇವರು ನಿಮ್ಮ ಅಮ್ಮನಾ" ಎಂದು ಕೇಳಿದರಂತೆ. ಅತ್ತೆಗೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಆ ದಿನ ಊಟ ಸೇರಲಿಲ್ಲ. ಮಗು ಮಾತ್ರ ಈ ಯಾವ ಗಲಾಟೆಗೂ ಕಿವಿಗೊಡದೆ ಒಳಗೆ ಬೆಳೆಯುತ್ತಿತ್ತು. ಒದೆಯಲು ಶುರು ಮಾಡಿದ ದಿನ ಅವಳು ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ನನ್ನ ಹತ್ತಿರ ಓಡಿಬಂದು, ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

ಮಾರುವುದನ್ನು ಅವಳು ಬಿಡಲಿಲ್ಲ. "ಪೂರ್ತಿ ನ್ಯಾಚುರಲ್" ಎನ್ನುವುದನ್ನು ಬಿಟ್ಟಳು. ತಂಗಿಯೂ ಹೆರುವುದನ್ನು ನಿಲ್ಲಿಸಿದಳು. ಇದರಿಂದ ಮಾತಿನ ನಡುವೆ ದೊಡ್ಡ ದೊಡ್ಡ ಹಳ್ಳ ಬೀಳುತ್ತಿದ್ದವು. ಆ ಜಾಗದಲ್ಲಿ ಏನು ಹೇಳಬೇಕೆಂದು ತಿಳಿಯದೆ ಅವಳು ಬಾಟಲಿಯನ್ನು ತಿರುಗಿಸಿ ಬೆನ್ನು ಓದಲು ಕೊಡುತ್ತಿದ್ದಳು. ಜನಕ್ಕೆ ಅದು ಹಿಡಿಸಲಿಲ್ಲ. ಓದುವುದಕ್ಕೆ ಯಾರು ಅಂಗಡಿಗೆ ಬರುತ್ತಾರೆ?

ಅವಳಿಗೆ ಏಳು ತುಂಬಿ ಎಂಟು ನಡೆಯುತ್ತಿತ್ತು. ಒಂದು ಮಧ್ಯಾಹ್ನ ಇನ್ನೂ ಹೊಟ್ಟೆ ಕಾಣಿಸದ, ಆದರೆ ಕೈ ಆಗಲೇ ಹೊಟ್ಟೆಯ ಮೇಲಿಟ್ಟುಕೊಂಡ ಒಬ್ಬಳು ಬಂದಳು. ಮನೆಯಲ್ಲಿ ಏನೋ ಸಮಾರಂಭ, ಕೂದಲು ನೆಟ್ಟಗಾಗಬೇಕು. ಕ್ರೀಮಿನ ಡಬ್ಬಿ ಕೈಯಲ್ಲಿ ಹಿಡಿದೇ ಬಂದಿದ್ದಳು. ಈ ಟೈಮಲ್ಲಿ ಇದನ್ನು ಹಚ್ಚಬಹುದಲ್ಲವೇ ಎಂದಳು. ಹೌದು ಎನ್ನಿಸಿಕೊಳ್ಳುವುದಕ್ಕೇ ಕೇಳಿದ ಪ್ರಶ್ನೆ ಅದು.

ನ್ಯಾಚುರಲ್ ಅಕ್ಕ ಬೇಡ ಎಂದಳು. ಹೊಗೆಯ ವಿಷಯ, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದಳು. ಬಂದವಳ ಮುಖ ಗಂಟಿಕ್ಕಿತು. ಬೇರೆ ಅಂಗಡಿಯಲ್ಲಿ ಏನೂ ಆಗುವುದಿಲ್ಲ ಎಂದರು, ಅಲ್ಲಿಯ ಹುಡುಗಿಯ ಅಕ್ಕನೇ ಹಚ್ಚಿದ್ದಾಳಂತೆ ಎಂದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ನಾನು ನನ್ನ ಕೌಂಟರಿನಲ್ಲಿ ಒಂದು ಮುಚ್ಚಳವನ್ನು ಡಬ್ಬಕ್ಕೆ ಕೂರಿಸುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ.

"ಅಷ್ಟು ಖಚಿತವಾಗಿ ಹೇಳ್ತೀರಲ್ಲ" ಎಂದಳು ಆಕೆ, ಇವಳ ಬಿಳಿ ತಲೆಯನ್ನೂ ದೊಡ್ಡ ಹೊಟ್ಟೆಯನ್ನೂ ನೋಡುತ್ತ. "ನಿಮಗೆ ಇದು ಎಷ್ಟನೇದು?"

ಮಕ್ಕಳೆಷ್ಟು ಎಂದು ಯಾರು ಕೇಳಿದರೂ ಅವಳು ಇಲ್ಲ ಎಂದೇ ಹೇಳುತ್ತ ಬಂದದ್ದು. ಗಂಡನ ಮನೆಯಲ್ಲಿ, ಬಸ್ಸಿನಲ್ಲಿ, ಇದೇ ಕೌಂಟರಿನಲ್ಲಿ. ಕೇಳಿದವರು ಅಯ್ಯೋ ಎನ್ನುವ ಮುಂಚೆ ಬೇರೆ ಮಾತು ತೆಗೆಯುತ್ತಿದ್ದಳು. ನನ್ನ ಹತ್ತಿರ ಕೂಡ ಆ ಎರಡನ್ನು ಎಂದೂ ಮಕ್ಕಳು ಎಂದಿರಲಿಲ್ಲ.

"ಮೂರನೇದು" ಎಂದಳು.

ಆಕೆಯ ಮುಖದ ಗಂಟು ಸಡಿಲವಾಯಿತು. ಎರಡು ಹೆತ್ತವರು ಹೇಳಿದ ಮೇಲೆ ಮುಗಿಯಿತು, ಅನುಭವಕ್ಕಿಂತ ಹೆಚ್ಚೇನಿದೆ ಎಂದು ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು. ಪುಣ್ಯವಂತರು ನೀವು, ಮನೆ ತುಂಬ ಮಕ್ಕಳು ಎಂದೂ ಹೇಳಿದಳು. ನ್ಯಾಚುರಲ್ ಅಕ್ಕ ಹೌದು ಎಂದು ತಲೆಯಾಡಿಸಿ, ಒಂದು ಸಾದಾ ಶಾಂಪೂ ತೆಗೆದುಕೊಟ್ಟು, ಆಕೆ ಬಾಗಿಲು ದಾಟುವ ತನಕ ನೋಡುತ್ತ ನಿಂತಳು.